ಇಲ್ಲದ ಮೋರಿ

ದೋಹಾಕ್ಕೆ ಹೊಸದಾಗಿ ಬಂದವರು ನಮ್ಮ ಮನೆಗೆ ಊಟಕ್ಕೆ ಬಂದಾಗ ನಾನು ತಪ್ಪದೆ ಹೇಳಿಕೊಡುವ ಪಾಠವೊಂದಿದೆ. ಬೇಸಿಗೆಯಲ್ಲಿ ತಣ್ಣೀರು ಬೇಕಾದರೆ ಬಿಸಿನೀರಿನ ನಲ್ಲಿ ತಿರುಗಿಸಬೇಕು. ತಮಾಷೆಯಲ್ಲ. ಮೇ ತಿಂಗಳು ಬಂತೆಂದರೆ ತಾರಸಿಯ ಟ್ಯಾಂಕಿನ ನೀರು ಮುಟ್ಟಲಾಗದ ಹಾಗೆ ಕಾಯುತ್ತದೆ, ತಣ್ಣೀರಿನ ನಲ್ಲಿಯಲ್ಲಿ ಸುರಿಯುವುದು ಅದೇ. ಗೀಸರನ್ನು ಆರಿಸಿಟ್ಟರೆ ಅದರೊಳಗೆ ನಿಂತ ನೀರು ಮನೆಯ ಎ.ಸಿ. ತಂಪಿಗೆ ಆರಿಕೊಂಡಿರುತ್ತದೆ. ಹಾಗಾಗಿ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿ ಗುರುತಿನದರಲ್ಲಿ ಬಿಸಿನೀರು. ಹೊಸಬರು ಆಗ ನಗುತ್ತಾರೆ. ಜೂನ್ ತಿಂಗಳಲ್ಲಿ ಒಮ್ಮೆ ಬೆನ್ನು ಸುಟ್ಟುಕೊಂಡ ಮೇಲೆ ಫೋನ್ ಮಾಡಿ, "ಸಾರ್, ನೀವು ಹೇಳಿದ್ದು ಯಾವ ನಲ್ಲಿ?" ಅಂತ ಕೇಳುತ್ತಾರೆ.

ಈಗಷ್ಟೇ ಆ ಕೆಂಪು ನಲ್ಲಿಯ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದೆ. ಬಚ್ಚಲಲ್ಲಿ ನಿಂತರೆ ನನಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ. ನೀರಿನ ಸದ್ದಿನೊಳಗೆ ಯಾರೋ ಮಾತಾಡಿದ ಹಾಗೆ, ದೂರದಲ್ಲಿ ಯಾರೋ ಕರಟ ಒಡೆದ ಹಾಗೆ ಕೇಳಿಸುತ್ತಿರುತ್ತದೆ. ಈ ಸಲ ಕೇಳಿಸಿದ್ದು ನೋರಾ ಎಂಬ ಮುದುಕಿಯ ದನಿ. ಆಕೆಯನ್ನು ನಾನು ಎದುರಿಗೆ ಕಂಡೇ ಇಲ್ಲ. ಆದರೂ ನನ್ನದೊಂದು ವಸ್ತು ಆಕೆಯ ಮನೆಯಲ್ಲಿದೆ. ಆ ಕಥೆ ಹೇಳಬೇಕು ಅನ್ನಿಸಿ ಬೇಗ ಮೈ ಒರೆಸಿಕೊಂಡು ಬಂದು ಕೂತಿದ್ದೇನೆ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಕಸುಬೇ ಇಲ್ಲಿ ಕಳ್ಳ. ನಾನು ಮೈಸೂರಿನವನು, ಹೆಸರು ನಾಗೇಂದ್ರ, ದೋಹಾದ ಮುಶೈರಿಬ್‌ನ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಮನೆ, ಗೋಪುರ ಬರೆಯುವವನು ಅಂದುಕೊಳ್ಳಬೇಡಿ. ನಾನು ಬರೆಯುವುದು ಮೋರಿ. ಫುಟ್ಬಾಲಿನ ವಿಶ್ವಕಪ್ಪು ಬರುತ್ತದೆಂದು ಈ ದೇಶವನ್ನೆಲ್ಲ ಅಗೆದು ಹಾಕಿದ್ದ ವರ್ಷಗಳಲ್ಲಿ ನೆಲದ ಮೇಲೆ ಏಳುತ್ತಿದ್ದ ಸ್ಟೇಡಿಯಂಗಳನ್ನು ಲೋಕವೆಲ್ಲ ನೋಡುತ್ತಿತ್ತು. ನಾನು ನೆಲದ ಕೆಳಗಿನ ಕೊಳವೆಗಳನ್ನು ನೋಡುತ್ತಿದ್ದೆ. ಊರಿನಿಂದ ಫೋನ್ ಮಾಡಿದವರು "ಸ್ಟೇಡಿಯಂ ಕಟ್ತಿದೀಯಂತೆ" ಅಂದರೆ "ಹೂಂ" ಅನ್ನುತ್ತಿದ್ದೆ. ಹೆಂಡತಿ ಸುಮ ಪಕ್ಕದಲ್ಲಿದ್ದರೆ, "ಪಾರ್ಕಿಂಗಿನ ಮೋರಿ ಅಂತ ಹೇಳ್ರೀ, ಪಾಪ, ಅವರು ಟಿ.ವಿ.ಯಲ್ಲಿ ಹುಡುಕ್ತಾರೆ" ಅಂತ ಮಾನ ಕಳೆಯುತ್ತಿದ್ದಳು.

ನಮ್ಮ ಕಸುಬಿನಲ್ಲಿ ಆಸ್‌ಬಿಲ್ಟ್ ಅಂತ ಒಂದಿದೆ. ಕೆಲಸ ಮುಗಿದ ಮೇಲೆ, ಕಟ್ಟಿದ್ದು ಕಟ್ಟಿದ ಹಾಗೆ ಬರೆದುಕೊಡುವ ನಕ್ಷೆ. ಕೊಳವೆ ಒಂದಡಿ ಸೊಟ್ಟಗೆ ಹೋಗಿದ್ದರೆ ನಕ್ಷೆಯಲ್ಲೂ ಸೊಟ್ಟಗೆ ಇರಬೇಕು, ಮುಂದೊಂದು ದಿನ ಅಗೆಯುವವನಿಗೆ ಅದು ಸಿಗಬೇಕಲ್ಲ. ಧರ್ಮ ಹಾಗೆ ಹೇಳುತ್ತದೆ. ನಾವು ಮಾಡುವುದು ಬೇರೆ. ಮೊದಲು ಬರೆದ ಡಿಸೈನನ್ನೇ ತೆರೆದು, ಮೂಲೆಯಲ್ಲಿ ಆಸ್‌ಬಿಲ್ಟ್ ಅಂತ ಹೆಸರು ಬದಲಿಸಿ, ತಾರೀಖು ಹಾಕಿ, "ಖಲಾಸ್" ಅಂದು ಚಹಾಕ್ಕೆ ಏಳುವುದು. ನಾನೊಬ್ಬನೇ ಅಲ್ಲ ಅನ್ನುವುದು ಎಲ್ಲ ಕಳ್ಳರೂ ಹೇಳುವ ಮಾತು, ಆದರೆ ನಿಜಕ್ಕೂ ನಾನೊಬ್ಬನೇ ಅಲ್ಲ.

ಆ ನಕ್ಷೆಗಳಿಗೆ ಸೈಟಿನ ಪರವಾಗಿ ಸಹಿ ಹಾಕುತ್ತಿದ್ದವನು ಡೆಕ್ಲನ್. ಐರ್ಲೆಂಡಿನವನು, ಐವತ್ತೆಂಟರ ಆಸುಪಾಸು, ಬಿಸಿಲಿಗೆ ಬೆಂದು ಬೆಂದು ಕಿವಿಗಳು ಸದಾ ಕೆಂಪು. ಒಂದು ಆಗಸ್ಟಿನಲ್ಲಿ ಉಮ್ಮ್ ಸಲಾಲ್ ಕಡೆಯ ಸೈಟ್ ಆಫೀಸಿನ ಎ.ಸಿ. ಕೆಟ್ಟಿತ್ತು. ತಗಡಿನ ಡಬ್ಬಿಯಂಥ ಕೋಣೆ, ಹೊರಗೆ ಒದ್ದೆ ಬಟ್ಟೆ ಮುಖಕ್ಕೆ ಒತ್ತಿದಂಥ ಸೆಖೆ. ನಾನು ಅಂಗಿಯ ಗುಂಡಿ ಬಿಚ್ಚಿ ಫೈಲಿನಿಂದ ಬೀಸಿಕೊಳ್ಳುತ್ತ ಶಾಪ ಹಾಕುತ್ತಿದ್ದರೆ ಈ ಮನುಷ್ಯ ಗೋಡೆಗೆ ಒರಗಿ, ಬೆವರು ಗಲ್ಲದಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಒಳ್ಳೆ ಮಧ್ಯಾಹ್ನದ ಕನಸು ಕಾಣುವವನ ಹಾಗೆ ಕೂತಿದ್ದ. ಆಮೇಲೆ ಹೇಳಿದ, "ನಾಗ್, ನಮ್ಮಲ್ಲಿ ಇದಕ್ಕೆಂದೇ ಒಂದು ಮನೆ ಕಟ್ಟುತ್ತಿದ್ದರು."

ಅವನ ಊರು ಲೀಟ್ರಿಮ್ ಎಂಬ ಗುಡ್ಡಗಾಡು. ಮಳೆ, ಮಂಜು, ಜೌಗು ನೆಲ. ಅಲ್ಲಿನ ಮುದುಕರಿಗೆ ಕೀಲುನೋವು ತಪ್ಪಿದ್ದಲ್ಲ. ಅದಕ್ಕೆ ತೊರೆಯ ಪಕ್ಕದಲ್ಲಿ ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಒಳಗೊಳಗೆ ಚಾಚಿ, ಬೋರಲು ಹಾಕಿದ ಮಡಕೆಯಂಥ ಒಂದು ಗುಡಿಸಲು ಕಟ್ಟುತ್ತಿದ್ದರಂತೆ. ಮೇಲೆ ಹುಲ್ಲುಮಣ್ಣಿನ ಹೊದಿಕೆ. ತೆವಳಿ ಹೋಗುವಷ್ಟೇ ಬಾಗಿಲು. ಜೌಗಿನ ಮಣ್ಣನ್ನು ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸಿ, ಅದರಿಂದ ಒಳಗೆ ದಿನವಿಡೀ ಬೆಂಕಿ ಹಾಕಿ ಕಲ್ಲು ಕಾಯಿಸುವುದು. ಆಮೇಲೆ ಬೂದಿಯನ್ನೆಲ್ಲ ಎಳೆದು ಹಾಕಿ, ನೆಲಕ್ಕೆ ಹಸಿ ಜೊಂಡು ಹಾಸಿ, ಬಟ್ಟೆ ಬಿಚ್ಚಿಟ್ಟು ಮೂರು ನಾಲ್ಕು ಜನ ಒಳಗೆ ತೆವಳಿ, ಬಾಗಿಲು ಮುಚ್ಚಿಕೊಂಡು ಕತ್ತಲಲ್ಲಿ ಬೆವರುವುದು. ಸಾಕಾದ ಮೇಲೆ ಹೊರಗೆ ಬಂದು ತೊರೆಯಲ್ಲಿ ಮುಳುಗುವುದು. ಬೆವರುಮನೆ ಅಂತಲೇ ಹೆಸರು.

ನಾನು ನಕ್ಕುಬಿಟ್ಟೆ. ಬೆವರಬಾರದೆಂದು ಒಂದು ದೇಶಕ್ಕೆ ದೇಶವೇ ಎ.ಸಿ. ಹಾಕಿಕೊಂಡು ಕೂತಿರುವಾಗ ಬೆವರಲೆಂದು ಮನೆ ಕಟ್ಟಿದ ಜನ. ಆದರೆ ಆ ಮಧ್ಯಾಹ್ನ ಕಣ್ಣು ಮುಚ್ಚಿದಾಗ ನನಗೂ ಕಂಡದ್ದು ಒಂದು ಕತ್ತಲ ಕೋಣೆಯೇ. ಮೈಸೂರಿನ ನಮ್ಮ ವಠಾರದ ಬಚ್ಚಲು.

ಆರು ಮನೆಗೆ ಒಂದೇ ಬಚ್ಚಲು. ಗೋಡೆಗೆ ಸೇರಿಸಿ ಕಟ್ಟಿದ ಒಲೆ, ಅದರ ಮೇಲೆ ಇದ್ದಿಲಿಗಿಂತ ಕಪ್ಪಾದ ತಾಮ್ರದ ಹಂಡೆ. ಉರಿಗೆ ಮರದ ಹೊಟ್ಟು, ಕರಟ. ಹೊಗೆಯೂ ಹಬೆಯೂ ಸೇರಿ ಎದುರಿಗಿದ್ದವರ ಮುಖ ಕಾಣದು. ಭಾನುವಾರ ಪದ್ದಮ್ಮ ಅನ್ನುವ ಹಿರಿಯ ಹೆಂಗಸು ವಠಾರದ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಹರಳೆಣ್ಣೆ ತಿಕ್ಕುತ್ತಿದ್ದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ, ಆದರೆ ಆರು ಮನೆಯ ತಲೆಗಳ ಮೇಲೆಯೂ ಅವರದೇ ಅಧಿಕಾರ. ಎಣ್ಣೆ ಇಳಿದು ಕಣ್ಣು ಉರಿದರೆ ಅತ್ತದ್ದಕ್ಕೆ ಒಂದು ಏಟು, ಸೀಗೆಪುಡಿ ಬಿದ್ದು ಉರಿದರೆ ಇನ್ನೊಂದು. ಎಣ್ಣೆ ಹಚ್ಚಿಸಿಕೊಂಡು ನೀರಿಗೆ ಕಾಯುವಾಗಿನ ಆ ಮಂಪರಿದೆಯಲ್ಲ, ಅಂಥ ನಿದ್ದೆ ನನಗೆ ಯಾವ ಹಾಸಿಗೆಯಲ್ಲೂ ಬಂದಿಲ್ಲ.

ಬಚ್ಚಲಿನ ಎಡ ಮೂಲೆಯಲ್ಲಿ, ಕಲ್ಲುಚಪ್ಪಡಿ ತುಸು ಇಳಿಜಾರಾದ ಕಡೆ, ನೀರು ಹೋಗುವ ತೂತು. ನನ್ನ ಅಂಗೈಯಷ್ಟಗಲ. ಅದರಾಚೆ ಮೋರಿ. ಒಂದು ನರಕ ಚತುರ್ದಶಿಯ ಬೆಳಗಿನ ಜಾವ, ನನಗೆ ಎಂಟು ವರ್ಷ, ಬಚ್ಚಲನ್ನು ಕೊಳ ಮಾಡುವ ಆಸೆ ಹುಟ್ಟಿ ಆ ತೂತಿಗೆ ಮೈ ಒರೆಸುವ ಒದ್ದೆ ಚೌಕ ತುರುಕಿದೆ. ಕೊಳವೇನೋ ಆಯಿತು. ಏರಿದ ನೀರು ಒಲೆಯ ಬಾಯಿಗೂ ನುಗ್ಗಿ ಚುಸ್ ಅಂತ ಬೆಂಕಿ ಆರಿತು, ಪಕ್ಕದಲ್ಲಿದ್ದ ಹೊಟ್ಟಿನ ಮೂಟೆಯೂ ನೆನೆಯಿತು. ತಲೆಗೆ ಎಣ್ಣೆ ಹಚ್ಚಿಕೊಂಡು ಸಾಲಾಗಿ ನಿಂತಿದ್ದ ಆರು ಮನೆಯವರು ಹಬ್ಬದ ದಿನ ತಣ್ಣೀರು ಸುರಿದುಕೊಂಡರು. ಪದ್ದಮ್ಮ ನನ್ನ ಕಿವಿ ಹಿಡಿದು ಆ ತೂತಿನ ಮುಂದೆ ಕೂರಿಸಿ ಹೇಳಿದ ಮಾತು ಇದು: "ನೋಡೋ ಮುಠ್ಠಾಳ, ಬಚ್ಚಲಿಗೆ ಮೋರಿ ಹೇಗೋ ಮೈಗೆ ಬೆವರು ಹಾಗೆ. ಎರಡನ್ನೂ ಕಟ್ಟಬಾರದು." ಆ ತೂತನ್ನು ನಾನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದ್ದರಿಂದಲೋ ಏನೋ, ಮುಂದೆ ಮೋರಿ ಬರೆಯುವವನೇ ಆದೆ.

ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಿದ್ದ ಡೆಕ್ಲನ್ ವಾಪಸು ಬಂದಾಗ ಮುಖ ಬಾಡಿತ್ತು. ಅವನ ಅಪ್ಪನ ಹೊಲವನ್ನು ಕೊಂಡಿದ್ದ ಪಕ್ಕದ ರೈತ, ತೊರೆಯ ಬದಿಯ ಜಾಗ ಮಟ್ಟ ಮಾಡಿ ದನಗಳ ಶೆಡ್ಡು ಹಾಕುತ್ತಾನಂತೆ. ಬೆವರುಮನೆ ಇರುವುದು ಅಲ್ಲೇ. ಅದು ಪಾರಂಪರಿಕ ಕಟ್ಟಡವೆಂದು ಸರ್ಕಾರದ ಪಟ್ಟಿಗೆ ಸೇರಿದರೆ ಯಾರೂ ಮುಟ್ಟುವ ಹಾಗಿಲ್ಲ. ಆದರೆ ಪೊದೆ ಬೆಳೆದು, ದೂರದಿಂದ ಕಲ್ಲುಗುಡ್ಡೆಯ ಹಾಗೆ ಕಾಣುವ ಇದು ಹಿಂದೆ ಪಟ್ಟಿ ಮಾಡಿದವರ ಕಣ್ಣಿಗೆ ಬಿದ್ದಿರಲಿಲ್ಲ. ಹಳೆಯ ಮನೆಯಲ್ಲೇ ಇರುವ ಅವನಕ್ಕ ನೋರಾ ಅರ್ಜಿ ಹಾಕಿದ್ದಳು. ಅಳತೆ, ನಕ್ಷೆ ಕಳಿಸಿ, ಒಬ್ಬರು ಬಂದು ನೋಡುತ್ತಾರೆ ಅಂತ ಉತ್ತರ ಬಂದಿತ್ತು. ಡೆಕ್ಲನ್ ಮಳೆಯಲ್ಲೇ ಟೇಪು ಹಿಡಿದು ಅಳೆದು, ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ಬಂದಿದ್ದ. "ನೀನು ಬರೆದುಕೊಡ್ತೀಯಾ, ನಾಗ್? ನನ್ನ ಅಜ್ಜಿಯ ಮೊಣಕಾಲು ನೆಟ್ಟಗೆ ಮಾಡಿದ ಮನೆ ಅದು."

ಅದಕ್ಕೇನಂತೆ ಅಂದೆ. ಒಂದು ಶುಕ್ರವಾರ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಅವನ ನೋಟ್‌ಬುಕ್ಕಿನಲ್ಲಿ ಒಂದು ಕಡೆ ನಾಲ್ಕೂವರೆ ಅಡಿ, ಎದುರಿಗೆ ಐದು, ಓರೆಯಲ್ಲಿ ಇನ್ನೇನೋ. ಬಾಗಿಲು ನಡುವಿನಲ್ಲಿಲ್ಲ, ಪಕ್ಕಕ್ಕೆ ಸರಿದಿದೆ. ನನಗೆ ನಗು ಬಂತು. ಸೈಟಿನವರಿಗೆ ಅಳೆಯಲು ಬರುವುದಿಲ್ಲ ಅನ್ನುವುದು ನಮ್ಮ ಕಚೇರಿಯ ವೇದವಾಕ್ಯ. ಮಳೆಯಲ್ಲಿ ಟೇಪು ಜಾರಿರಬೇಕು ಅಂದುಕೊಂಡು ಗುಂಡಗೆ ಒಂದು ವೃತ್ತ ಎಳೆದೆ. ಬಾಗಿಲನ್ನು ತಂದು ಸರಿಯಾಗಿ ನಡುವೆ ಕೂರಿಸಿದೆ. ಕಲ್ಲುಗಳನ್ನು ಒಂದೇ ಅಳತೆಯಲ್ಲಿ ಸಾಲಾಗಿ ತುಂಬಿದೆ. ಆಮೇಲೆ ಮಧ್ಯಾಹ್ನದ ಹೊತ್ತು, ಊಟವಾಗಿತ್ತು, ಸುಮ ಒಳಗೆ ಮಲಗಿದ್ದಳು, ಎ.ಸಿ. ಗುಂಯ್ ಅನ್ನುತ್ತಿತ್ತು. ನಕ್ಷೆ ನೋಡುತ್ತ ನೋಡುತ್ತ ಮಂಪರು ಬಂದ ಹಾಗಾಯಿತು. ಏನೋ ಕಮ್ಮಿ ಅನ್ನಿಸಿತು. ಎಡ ಬದಿಯಲ್ಲಿ, ನೆಲ ತುಸು ಇಳಿಜಾರು ಮಾಡಿ, ಅಂಗೈಯಗಲದ ಒಂದು ತೂತು ಬರೆದೆ. ಅಲ್ಲಿಂದ ತೊರೆಗೆ ಒಂದು ಮೋರಿ. ಈಗ ಸರಿಹೋಯಿತು ಅನ್ನಿಸಿತು. ಮೂಲೆಯಲ್ಲಿ ಆಸ್‌ಬಿಲ್ಟ್ ಅಂತ ಬರೆದು ಹೆಸರು ಹಾಕಿದೆ.

ಡೆಕ್ಲನ್‌ಗೆ ಆ ವಾರ ಉಸಿರಾಡಲು ಪುರುಸೊತ್ತಿರಲಿಲ್ಲ. ನಕ್ಷೆಯನ್ನು ತೆರೆದೂ ನೋಡದೆ, ನನ್ನ ಮೇಲಿನ ನಂಬಿಕೆಯಿಂದ ನೇರ ಅಕ್ಕನಿಗೆ ಕಳಿಸಿಬಿಟ್ಟ.

ಚಳಿ ಕಳೆದ ಮೇಲೆ ಅಲ್ಲಿಗೆ ಅಧಿಕಾರಿ ಬಂದ. ನಕ್ಷೆ ಕೈಯಲ್ಲಿ ಹಿಡಿದು ಬೆವರುಮನೆಯ ಸುತ್ತ ಎರಡು ಸುತ್ತು ಬಂದು ಮೋರಿ ಹುಡುಕಿದನಂತೆ. ಎಲ್ಲಿದೆ ಮೋರಿ? ಒಳಗೆ ನೀರನ್ನೇ ಬಳಸದ, ಬರೀ ಬೆಂಕಿ ಹಾಕಿ ಕಾಯಿಸುವ ಮನೆಗೆ ಮೋರಿ ಯಾಕೆ? ವೃತ್ತವೂ ವೃತ್ತವಲ್ಲ, ಬಾಗಿಲೂ ಅಲ್ಲಿಲ್ಲ. "ಇದು ಕಂಪ್ಯೂಟರಿನಲ್ಲಿ ಹುಟ್ಟಿದ ಕಟ್ಟಡ. ನಿಮ್ಮ ಅರ್ಜಿಯಲ್ಲಿ ಇನ್ನೇನೇನು ಹೀಗೆ ಹುಟ್ಟಿದ್ದು?" ಅಂತ ನೋರಾಳನ್ನು ಕೇಳಿದನಂತೆ. ಒಂದು ತಿಂಗಳ ಗಡುವು ಕೊಟ್ಟ. ಅಷ್ಟರೊಳಗೆ ಸರಿಯಾದ ನಕ್ಷೆ ಬರದಿದ್ದರೆ ಕಡತ ಮುಚ್ಚುತ್ತೇನೆ ಅಂದ. ಕಡತ ಮುಚ್ಚಿದರೆ ಪಕ್ಕದ ರೈತನ ಯಂತ್ರ ಬರುತ್ತದೆ.

ಡೆಕ್ಲನ್ ನನ್ನ ಮೇಜಿನ ಹತ್ತಿರ ಬಂದು ಇದನ್ನೆಲ್ಲ ಮೆತ್ತಗೆ ಹೇಳಿದ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಏನು ಹೇಳಿದೆ ಗೊತ್ತೇ? "ನಿನ್ನ ನೋಟ್‌ಬುಕ್ ಮಳೆಯಲ್ಲಿ ನೆಂದು ಅಂಕಿಗಳು ಕಲಸಿಹೋಗಿದ್ದವಪ್ಪ" ಅಂದೆ. ಪಾಪ, ಅವನು ನಂಬಿದ. "ತಪ್ಪು ನಂದೇ" ಅಂದು ಹೋದ. ಅವನ ಕೆಂಪು ಕಿವಿ ನೋಡುತ್ತ ಕೂತೆ.

ಸಂಜೆ ಸುಮಳಿಗೆ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತ ಕೇಳಿಸಿಕೊಂಡಳು. "ಅಂಕಿ ಕಲಸಿತ್ತು ಸರಿ. ಮೋರಿ ಎಲ್ಲಿ ಬರೆದಿತ್ತು ಆ ನೋಟ್‌ಬುಕ್ಕಲ್ಲಿ?" ಅಂದಳು. ನಾನೂ ಒಂದು ಹುರುಳಿಕಾಯಿ ಎತ್ತಿಕೊಂಡೆ. "ಇದ್ದದ್ದನ್ನ ಇದ್ದ ಹಾಗೆ ಬರೆಯೋದು ಇಷ್ಟು ಕಷ್ಟಾನಾ? ನಾಳೆ ಹೋಗಿ ನಿಜ ಹೇಳ್ರೀ. ಆ ವಯಸ್ಸಾದವರು ಅಲ್ಲಿ ಸುಳ್ಳುಗಾರ್ತಿ ಅನ್ನಿಸ್ಕೊಂಡು ಕೂತಿದಾರೆ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು.

ಮರುದಿನ ಚಹಾದ ಮೂಲೆಯಲ್ಲಿ ಡೆಕ್ಲನ್‌ನನ್ನು ಹಿಡಿದು ಎಲ್ಲ ಒಪ್ಪಿಕೊಂಡೆ. ಅಂಕಿಗಳು ಸ್ಪಷ್ಟವಾಗೇ ಇದ್ದವು, ನಂಬದೆ ತಿದ್ದಿದವನು ನಾನು, ಮೋರಿ ನನ್ನದು. ಅವನು ಕಪ್ಪನ್ನು ಕೆಳಗಿಟ್ಟ. "ನೀನು ಬರೆದ ಆಸ್‌ಬಿಲ್ಟ್‌ಗಳಿಗೆಲ್ಲ ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದವನು ನಾನೇ" ಅಂದ. "ನಮ್ಮ ಮನೆಯದು ಬಂದಾಗಲಾದರೂ ತೆರೆದು ನೋಡಬೇಕಿತ್ತು. ಯಲ್ಲಾ, ನಡಿ, ಮತ್ತೆ ಬರೆಯೋಣ."

ಮುಂದಿನ ಶುಕ್ರವಾರ ಅವನು ನಮ್ಮ ಮನೆಗೆ ಬಂದ. ಸುಮ ಅಕ್ಕಿರೊಟ್ಟಿ ಹಾಕಿದಳು. ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ, ಈ ಸಲ ಕಂಪ್ಯೂಟರ್ ಬೇಡವೆಂದು ಪೆನ್ಸಿಲ್ ಹಿಡಿದು ಕೂತೆ. ಎದುರಿಗೆ ಫೋನಿನ ವಿಡಿಯೊ ಕರೆಯಲ್ಲಿ ನೋರಾ. ಎಪ್ಪತ್ತು ದಾಟಿದ ಹೆಂಗಸು, ಮಳೆಯಂಗಿ, ರಬ್ಬರ್ ಬೂಟು. ಬೆವರುಮನೆಯ ಒಳಗೆ ನೆಟ್‌ವರ್ಕ್ ಸಿಗದು. ಹಾಗಾಗಿ ಆಕೆ ಟೇಪು ಕಚ್ಚಿಕೊಂಡು ತೆವಳಿ ಒಳಗೆ ಹೋಗುವುದು, ಅಳೆಯುವುದು, ಮತ್ತೆ ತೆವಳಿ ಹೊರಗೆ ಬಂದು ಅಂಕಿ ಹೇಳುವುದು, ನಾನು ಬರೆಯುವುದು. ಒಂದೊಂದು ಕಲ್ಲಿಗೂ ಹೀಗೆ. ಫೋನನ್ನು ಗಿಡಕ್ಕೆ ಒರಗಿಸಿಟ್ಟಿದ್ದಳು. ಆಕೆ ಒಳಗಿದ್ದಾಗ ನಮಗೆ ಕಾಣುತ್ತಿದ್ದದ್ದು ಆ ಸಣ್ಣ ಕಪ್ಪು ಬಾಗಿಲು, ಅದರ ಮೇಲೆ ತೂಗುವ ಹುಲ್ಲು, ಹಸಿರಿನ ಮೇಲೆ ಸುಮ್ಮನೆ ಸುರಿಯುವ ಸೋನೆ. ಮೂರು ಜನವೂ ಆ ಕತ್ತಲನ್ನೇ ನೋಡುತ್ತಿದ್ದೆವು. ನಾನು ಎಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತಿತ್ತು. ಇನ್ನೇನು ಒಳಗಿನಿಂದ ಹಬೆ ಬರುತ್ತದೆ, ಎಣ್ಣೆಯ ತಲೆಯ ಯಾವುದೋ ಮಗು ಆಚೆ ಓಡಿಬರುತ್ತದೆ ಅನ್ನಿಸುತ್ತಿತ್ತು.

"ಸಾಕಮ್ಮ, ಇನ್ನು ಉಳಿದದ್ದು ನಾಳೆ" ಅಂದೆ ಒಮ್ಮೆ. ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಡೆಕ್ಲನ್ ಅರ್ಥ ಊಹಿಸಿ ಹೇಳಿದ. ಆಕೆ ಮಂಡಿಯ ಮಣ್ಣು ಕೊಡವಿ, "ಕೀಲುನೋವು ವಾಸಿಮಾಡುವ ಮನೆ ನನ್ನ ಕೀಲು ಮುರಿಯುತ್ತಿದೆ" ಅಂತ ನಕ್ಕು ಮತ್ತೆ ಒಳಗೆ ಹೋದಳು.

ಬಾಗಿಲು ಯಾಕೆ ಓರೆ ಅನ್ನುವುದೂ ಅವತ್ತೇ ತಿಳಿಯಿತು. ಒಳಗೆ ಎಡಕ್ಕೆ, ಗೋಡೆಯಿಂದ ಚಾಚಿದ ಒಂದು ಚಪ್ಪಟೆ ಕಲ್ಲಿತ್ತು. ಡೆಕ್ಲನ್ ಅದನ್ನು ಬಿದ್ದ ಕಲ್ಲೆಂದು ಬರೆದುಕೊಂಡೇ ಇರಲಿಲ್ಲ. ನೋರಾ ಅದರ ಮೇಲೆ ಕೈಯಾಡಿಸಿ ನೋಡಿ, ಹೊರಗೆ ಬಂದು, "ನುಣುಪಾಗಿದೆ. ಕೂತು ಕೂತು ಸವೆದಿದೆ" ಅಂದಳು. ನೆಲಕ್ಕೆ ಕೂರಲಾರದ ಮುದುಕರ ಪೀಠ. ಅದಕ್ಕೆ ಜಾಗ ಬಿಡಲೆಂದೇ ಒಂದು ಬದಿ ಉಬ್ಬಿತ್ತು, ಬಾಗಿಲು ಸರಿದಿತ್ತು. ಯಾವನೋ ಹಳ್ಳಿಗ ತನ್ನ ಅಜ್ಜಿಗೆಂದು ಸೊಟ್ಟಗೆ ಕಟ್ಟಿದ್ದನ್ನು ನಾನು ಮೌಸಿನ ಒಂದು ಒತ್ತಿನಲ್ಲಿ ನೆಟ್ಟಗೆ ಮಾಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸಂಜೆಯಾಗುವ ಹೊತ್ತಿಗೆ ಅಳತೆ ಮುಗಿಯಿತು. ನೋರಾ ಬಾಗಿಲಿನ ಪಕ್ಕದ ಕಲ್ಲಿನ ಮೇಲೆ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕೇಳಿದಳು. "ನಾಗ್, ಆ ಮೊದಲ ನಕ್ಷೆಯಲ್ಲಿದ್ದ ಮೋರಿ ಯಾರದು? ಅದನ್ನು ಮಾತ್ರ ನೀನು ಬಹಳ ಮುತುವರ್ಜಿಯಿಂದ ಬರೆದಿದ್ದೆ." ನಾನು ತಡವರಿಸುತ್ತ ಹಂಡೆ, ಹೊಟ್ಟು, ಪದ್ದಮ್ಮ, ಚೌಕ, ಕಿವಿ ಎಲ್ಲ ಹೇಳಿದೆ. ಸೀಗೆಪುಡಿ ಅಂದರೇನೆಂದು ವಿವರಿಸಲು ಸುಮ ಅಡುಗೆಮನೆಯಿಂದ ಡಬ್ಬವನ್ನೇ ತಂದು ಕ್ಯಾಮೆರಾಕ್ಕೆ ತೋರಿಸಿದಳು. "ಆ ಬಚ್ಚಲು ಈಗಲೂ ಇದೆಯಾ?" ಅಂತ ನೋರಾ ಕೇಳಿದಳು. ಇಲ್ಲ ಅಂದೆ. ವಠಾರ ಕೆಡವಿ ಮೊಬೈಲ್ ಅಂಗಡಿಗಳ ಕಟ್ಟಡ ಎದ್ದು ಎಷ್ಟೋ ಕಾಲವಾಯಿತು. ಕೆಡವಿದಾಗ ನಾನು ಇಲ್ಲೇ ಇದ್ದೆ, ಯಾರದೋ ಪಾರ್ಕಿಂಗಿನ ಮೋರಿ ಬರೆಯುತ್ತಿದ್ದೆ. ಅದರ ಒಂದು ಫೋಟೊ ಕೂಡ ಇಲ್ಲ. ಬಚ್ಚಲಿನ ಫೋಟೊ ಯಾರು ತೆಗೆಯುತ್ತಾರೆ ಹೇಳಿ.

ಕಲ್ಲು ಕಲ್ಲೂ ತೋರಿಸಿದ ಎರಡನೆಯ ನಕ್ಷೆ ಗಡುವಿನೊಳಗೆ ಹೋಯಿತು. ಅಧಿಕಾರಿ ಮತ್ತೆ ಬಂದು, ಮೊಣಕಾಲೂರಿ ಒಳಗೆ ಹೋಗಿ, ಆ ಸವೆದ ಕಲ್ಲಿನ ಮೇಲೆ ಕೂತು ನಕ್ಷೆಯೊಂದಿಗೆ ಹೋಲಿಸಿದನಂತೆ. ಅದಾದ ಮೇಲೆ ಏನೂ ಸುದ್ದಿಯಿಲ್ಲ. ಬೇಸಿಗೆ ಬಂತು, ನಲ್ಲಿಗಳು ಅದಲುಬದಲಾದವು, ಬೀದಿಗಳಲ್ಲಿ ವಿಶ್ವಕಪ್ಪಿನ ಬಾವುಟಗಳು ಕಾಣಿಸತೊಡಗಿದವು. ಆಗಸ್ಟಿನ ಒಂದು ಬೆಳಗ್ಗೆ ಡೆಕ್ಲನ್ ಬಂದು ನನ್ನ ಮೇಜಿನ ಮೇಲೆ ಫೋನಿಟ್ಟ. ಬೆವರುಮನೆ ಸರ್ಕಾರದ ಪಟ್ಟಿಗೆ ಸೇರಿದೆ, ಒಂದು ಕಲ್ಲನ್ನೂ ಅಲುಗಿಸುವ ಹಾಗಿಲ್ಲ ಅಂತ ಪತ್ರ. ಪಕ್ಕದ ರೈತ ಶೆಡ್ಡನ್ನು ರಸ್ತೆ ಕಡೆಗೆ ಹಾಕಿಕೊಳ್ಳುತ್ತಾನಂತೆ. ಡೆಕ್ಲನ್ ನನ್ನ ಹೆಗಲ ಮೇಲೆ ಕೈಯಿಟ್ಟ.

ಪತ್ರದ ಕೆಳಗೆ ನೋರಾ ನನಗೆಂದು ನಾಲ್ಕು ಸಾಲು ಬರೆದಿದ್ದಳು. ನಮ್ಮ ಕಚೇರಿಯ ನಿಯಮದಂತೆ ಹೊಸ ನಕ್ಷೆ ಬಂದ ಮೇಲೆ ಹಳೆಯದನ್ನು ಅಳಿಸಬೇಕು, ನಾನು ನಾಚಿಕೆಯಿಂದ ನನ್ನ ಪ್ರತಿಯನ್ನು ಎಂದೋ ಅಳಿಸಿದ್ದೆ. ಆಕೆಯ ಸಾಲುಗಳನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನಮ್ಮ ಮನೆಯನ್ನು ಈಗ ಸರ್ಕಾರ ಕಾಯುತ್ತದೆ. ನಿನ್ನ ಮೊದಲ ನಕ್ಷೆಯನ್ನು ನಾನು ಎಸೆದಿಲ್ಲ. ನಿಮ್ಮ ಬಚ್ಚಲು ಈಗ ಇಲ್ಲ ಅಂದೆಯಲ್ಲ, ಅದನ್ನು ಬೇರೆ ಯಾರೂ ಕಾಯುತ್ತಿಲ್ಲ, ಅದಕ್ಕೆ ಅಡುಗೆಮನೆಯ ಬೀರುವಿನಲ್ಲಿ, ಒಳ್ಳೆ ತಟ್ಟೆಗಳ ಜೊತೆ ಇಟ್ಟಿದ್ದೇನೆ. ಪದ್ದಮ್ಮನವರಿಗೆ ಗೊತ್ತಿರಲಿ."

ಅವತ್ತು ಮನೆಗೆ ಬಂದವನೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಸುಮ ಹೊರಗಿನಿಂದ "ಏನ್ರೀ ಆಯ್ತು?" ಅಂದಳು. ಅಳುತ್ತಿದ್ದೇನೆ ಅಂತ ಹೇಳಲಾರದೆ, "ಸೆಖೆ ಕಣೇ" ಅಂದು ಕೆಂಪು ನಲ್ಲಿ ತಿರುಗಿಸಿದೆ. ನೀರು ತಲೆಯಿಂದ ಇಳಿದು, ಕಾಲ ಬಳಿ ಸುತ್ತಿ, ಎಡ ಮೂಲೆಯ ಮೋರಿಗೆ ಹೋಗುತ್ತಿತ್ತು. ಅದು ಹೋಗುವುದನ್ನೇ ನೋಡುತ್ತ ನಿಂತೆ.